ಪೈಲಟ್ ಎಪಿಸೋಡಿನ ಗಂಡ

ಕನ್ನಡಕದ ಅಂಗಡಿ ಇಟ್ಟವನಿಗೆ ಮನುಷ್ಯರ ಬಗ್ಗೆ ಒಂದು ಸಂಗತಿ ಬಹಳ ಬೇಗ ತಿಳಿದುಬಿಡುತ್ತದೆ. ಫ್ರೇಮು ಆರಿಸಲು ಬಂದವರು ಯಾರೂ ಫ್ರೇಮನ್ನು ನೋಡುವುದಿಲ್ಲ. ನಾನು ಕನ್ನಡಿ ಹಿಡಿದದ್ದೇ ತಡ, ತಮ್ಮ ಮುಖವನ್ನು ನೋಡಿಕೊಳ್ಳುತ್ತಾರೆ. ತುಸು ಎಡಕ್ಕೆ, ತುಸು ಬಲಕ್ಕೆ, ಗದ್ದ ಸ್ವಲ್ಪ ಮೇಲಕ್ಕೆ. ಅಂಗಡಿಯಲ್ಲಿರುವ ಫ್ರೇಮುಗಳನ್ನೆಲ್ಲ ಹಾಕಿ ತೆಗೆದು, ಕೊನೆಗೆ "ಯಾವ್ದರೆ ಒಂದು ಕೊಡ್ರಿ" ಎನ್ನುತ್ತಾರೆ. ನೋಡಬೇಕಾದದ್ದನ್ನು ಆಗಲೇ ನೋಡಿ ಮುಗಿಸಿರುತ್ತಾರಲ್ಲ! ಆಳಂದದಲ್ಲಿ ಇಷ್ಟು ವರ್ಷ ಅಂಗಡಿ ನಡೆಸಿ ನಾನು ಕಂಡುಕೊಂಡದ್ದೆಂದರೆ, ತಾನು ನೋಡಲು ಅಷ್ಟಕ್ಕಷ್ಟೇ ಎಂದು ಮನಸಾರೆ ನಂಬಿದ ಗಂಡಸು ಈ ತಾಲ್ಲೂಕಿನಲ್ಲಿ ಒಬ್ಬನೂ ಇಲ್ಲ. ಖಜೂರಿಯ ಲಾರಿ ಡ್ರೈವರನಿಂದ ಹಿಡಿದು ಮಟಕಿಯ ಗೌಡರವರೆಗೆ ಎಲ್ಲರದೂ ಒಂದೇ ಹಾಡು. ಗಿರಾಕಿ ಹೋದ ಮೇಲೆ ಅದೇ ಕನ್ನಡಿಯನ್ನು ಒರೆಸುವ ನೆಪದಲ್ಲಿ ನಾನೂ ಒಂದು ಸಲ ಗದ್ದ ಮೇಲೆತ್ತಿ ನೋಡಿಕೊಳ್ಳುತ್ತಿದ್ದೆ ಎಂಬುದನ್ನು ನಿಮ್ಮಿಂದ ಮುಚ್ಚಿಡುವುದಿಲ್ಲ. ಹಾಗೆ ನೋಡಿಕೊಳ್ಳುವ ಚಟ ಇಲ್ಲದಿದ್ದರೆ ಈ ವರ್ಷ ನನಗೆ ಆದ ಆಘಾತ ಇಷ್ಟು ಜೋರಾಗಿ ತಾಗುತ್ತಿರಲಿಲ್ಲ.

ನನ್ನ ಅಂಗಡಿಯ ಮಗ್ಗುಲಿಗೆ ರೇವಣಸಿದ್ಧನೆಂಬ ಹುರುಪಿನ ಮನುಷ್ಯನ ವಿಡಿಯೋ ಸ್ಟುಡಿಯೋ ಇದೆ. ಮದುವೆ, ಬಸುರಿಯರ ಕುಬಸ, ಮಕ್ಕಳ ಜವಳ, ಹೊಸ ಮನೆಯ ಪ್ರವೇಶ, ಏನಿದ್ದರೂ ಅವನದೇ ಕ್ಯಾಮೆರಾ. ಅವನ ಹತ್ತಿರ ಒಂದು ಡ್ರೋನೂ ಇದೆ. ಮದುವೆ ಸೀಜನ್ನಿನಲ್ಲಿ ಅದು ವರನ ತಲೆಯ ಮೇಲೆ ಗುಂಯ್‌ಗುಡುತ್ತ ಅರ್ಧ ಅಕ್ಷತೆಯನ್ನು ಗಾಳಿಗೆ ಹಾರಿಸಿಬಿಡುತ್ತದೆ. ಸೀಜನ್ನು ಮುಗಿಯಿತೆಂದರೆ ಡ್ರೋನಿಗೂ ಕೆಲಸವಿಲ್ಲ, ರೇವಣನಿಗೂ ಕೆಲಸವಿಲ್ಲ. ಹೀಗೆ ಕೆಲಸವಿಲ್ಲದ ಒಂದು ಮಧ್ಯಾಹ್ನ ಅವನು ನನ್ನ ಅಂಗಡಿಗೆ ಬಂದು, ಕಣ್ಣು ಪರೀಕ್ಷೆಯ ಸ್ಟೂಲಿನ ಮೇಲೆ ಕೂತು, "ಕಾಕಾ, ಒಂದು ಸೈನ್ಸ್ ಸೀರಿಯಲ್ ಮಾಡಬೇಕಂತ ಮಾಡೇನಿ" ಎಂದ. ಮದುವೆ ವಿಡಿಯೋ ಹಾಕಲೆಂದು ಮಾಡಿಕೊಂಡ ಚಾನೆಲ್ಲಿದೆಯಲ್ಲ, ಅದರಲ್ಲಿ ವಾರಕ್ಕೊಂದು ಎಪಿಸೋಡು ಹಾಕುವುದಂತೆ. ಹೆಸರು 'ನೀರಿಲ್ಲದ ಗ್ರಹ'. ಆಳಂದದ ಒಬ್ಬ ವಿಜ್ಞಾನಿ ಆಕಾಶದಾಚೆಯ ಒಂದು ಗ್ರಹಕ್ಕೆ ಹೋಗುತ್ತಾನೆ, ಅಲ್ಲಿ ಒಂದು ಹನಿ ನೀರಿಲ್ಲ.

"ನಳಕ್ಕ ನೀರು ಬರದ ಓಣಿ ನಮ್ಮದಾ ಅದಲ್ಲಲೇ, ಅಷ್ಟು ದೂರ ಯಾಕ ಹೋಗಬೇಕು?" ಎಂದೆ.

"ಚ್ಯಾಷ್ಟಿ ಬ್ಯಾಡ ಕಾಕಾ. ಆ ಸೈಂಟಿಸ್ಟ್ ನೀವಾ ಆಗಬೇಕು. ಡಾಕ್ಟರ್ ತ್ರಿನೇತ್ರ ಅಂತ ಹೆಸರಿಟ್ಟೇನಿ."

ನಾನು ಕೂಡಲೇ ಒಪ್ಪಲಿಲ್ಲ. ಕೂಡಲೇ ಒಪ್ಪಿದರೆ ಹಗುರಾಗುತ್ತೇವೆ. "ಊರಾಗ ಇಷ್ಟು ಮಂದಿ ಇದ್ದಾಗ ನಾನಾ ಯಾಕಪಾ?" ಎಂದು ಕೇಳಿ, ಮುಖದ ಕಳೆಯ ಬಗ್ಗೆಯೋ ಗಾಂಭೀರ್ಯದ ಬಗ್ಗೆಯೋ ಅವನು ಏನಾದರೂ ಹೇಳುತ್ತಾನೆಂದು ಕಾದೆ. ಅವನು ಸರಳವಾಗಿ, "ನಿಮ್ಮ ಹತ್ರ ಬಿಳಿ ಕೋಟ್ ಅದ ಕಾಕಾ" ಎಂದ. ಹಳ್ಳಿಗಳಲ್ಲಿ ಕಣ್ಣಿನ ತಪಾಸಣೆ ನಡೆದಾಗ ಹಾಕಿಕೊಳ್ಳಲೆಂದು ಹೊಲಿಸಿದ ಕೋಟು ಅದು. ಕಾರಣ ಏನಾದರಾಗಲಿ, ನಾನು ವಿಜ್ಞಾನಿಯಾದೆ. ಮೊದಲನೇ ಎಪಿಸೋಡಿಗೆ ಪೈಲಟ್ ಎನ್ನುತ್ತಾರೆಂದು ರೇವಣ ಹೇಳಿದ್ದನ್ನು ನಾನು ಬೇರೆಯೇ ರೀತಿಯಲ್ಲಿ ಅರ್ಥ ಮಾಡಿಕೊಂಡು, ಮನೆಗೆ ಹೋದವನೇ ನನ್ನ ಹೆಂಡತಿ ಜಗದೇವಿಗೆ, "ನಾನು ಪೈಲಟ್" ಎಂದೆ. ಆಕೆ ರೊಟ್ಟಿ ಬಡಿಯುವ ಕೈ ನಿಲ್ಲಿಸಲಿಲ್ಲ. "ಮನಿ ಮುಂದಿನ ಗಟಾರ ದಾಟಾಕ ಸ್ಕೂಟರ್ ಮ್ಯಾಲಿಂದ ಇಳದು ನೂಕ್ತೀರಿ. ನಿಮಗ ವಿಮಾನ ಯಾರು ಕೊಟ್ಟಾರ್ರಿ?" ಎಂದಳು.

ಚಿತ್ರೀಕರಣ ಶುರುವಾದದ್ದು ನಮ್ಮ ಮನೆಯಲ್ಲೇ. ವಿಜ್ಞಾನಿ ಹೆಂಡತಿಯನ್ನು ಬಿಟ್ಟು ಗ್ರಹಕ್ಕೆ ಹೊರಡುವ ದೃಶ್ಯ. ಹೆಂಡತಿಯ ಪಾತ್ರಕ್ಕೆ ಕಲಬುರಗಿಯಿಂದ ಬರಬೇಕಾಗಿದ್ದ ಹುಡುಗಿ ಪರೀಕ್ಷೆ ಇದೆಯೆಂದು ಬರಲಿಲ್ಲ. ಎಲ್ಲರಿಗೂ ಛಾ ತಂದ ಜಗದೇವಿಯನ್ನು ನೋಡಿ ರೇವಣ, "ಕಾಕೂ, ನೀವಾ ನಿಂದರ್ರಿ. ಮಾತು ಏನೂ ಇಲ್ಲ, ಬರೇ ಅಳೋದು ಅದ" ಎಂದ. ಸೀರೆ ಬದಲಿಸುವುದಿಲ್ಲ ಎಂಬ ಷರತ್ತಿನ ಮೇಲೆ ಆಕೆ ನಿಂತಳು. ನನ್ನ ಮಾತು ಹೀಗಿತ್ತು: "ಜಗತ್ತಿನ ಕಲ್ಯಾಣಕ್ಕಾಗಿ ನಾನು ಏಳು ವರ್ಷ ನಿನ್ನನ್ನು ಅಗಲಲೇಬೇಕು." ಇದನ್ನು ನಾನು ಹೇಳಿದ ಕೂಡಲೇ ಆಕೆ ಸೆರಗಿನಿಂದ ಕಣ್ಣೊರೆಸಿಕೊಳ್ಳಬೇಕು. ಒಂದೆರಡು ಸಲ ತಪ್ಪಿದ ಮೇಲೆ ನನ್ನ ಮಾತು ಸರಿಯಾಗಿ ಬಂತು. ಆಕೆ ಮಾತ್ರ ಅಳಲಿಲ್ಲ. ನನ್ನ ಮುಖವನ್ನೊಮ್ಮೆ ನೋಡಿ, "ಹೋಗ್ರಿ, ಬ್ಯಾಡನ್ನಂಗಿಲ್ಲ. ಆದ್ರ ಮಫ್ಲರ್ ಒಯ್ರಿ. ಅಲ್ಲಿ ಥಂಡಿ ಭಾಳ ಇರ್ತದ" ಎಂದು, ಗೂಟದ ಮೇಲಿದ್ದ ನನ್ನ ಕಂದು ಮಫ್ಲರನ್ನು ತೆಗೆದು ನನ್ನ ಕೊರಳಿಗೆ ಸುತ್ತಿದಳು. ರೇವಣ ತನ್ನ ಪುಸ್ತಕದಲ್ಲಿ ಬರೆದುಕೊಂಡ ಮಾತಲ್ಲ ಅದು. ರೇವಣ 'ಕಟ್' ಹೇಳುವುದನ್ನೇ ಮರೆತು ನಿಂತಿದ್ದ. ನಾನು ಮನಸ್ಸಿನಲ್ಲಿ, ಪಾಪ, ಹೊಸಬಳು, ದೃಶ್ಯ ಕೆಡಿಸಿದಳು ಎಂದುಕೊಂಡೆ.

ಗ್ರಹ ಇದ್ದದ್ದು ಅಫಜಲಪುರದ ಹತ್ತಿರ, ಭೀಮಾ ನದಿಯಲ್ಲಿ. ಮುಂಗಾರಿನ ಮಿರಗದ ಮಳೆ ಇನ್ನೂ ಬಿದ್ದಿರಲಿಲ್ಲ. ನದಿ ಒಣಗಿ ಬರೀ ಉಸುಕು, ಕಲ್ಲು. ಬಾಹ್ಯಾಕಾಶ ನೌಕೆ ಎಂದರೆ ಟ್ರ್ಯಾಕ್ಟರಿಗೆ ಕಟ್ಟುವ ನೀರಿನ ಟ್ಯಾಂಕರು. ಅದಕ್ಕೆ ಬೆಳ್ಳಿ ಬಣ್ಣ ಬಳಿದಿದ್ದರು. ನೀರಿನ ಟ್ಯಾಂಕರಿನಿಂದ ಇಳಿದು ಒಂದು ಹನಿ ನೀರಿಲ್ಲವೆಂದು ಗೋಳಿಡುವ ವಿಜ್ಞಾನಿಯ ಮೇಲೆ ಯಾರಿಗೂ ಅನುಮಾನ ಬರಲಿಲ್ಲ. ಬೈಕಿನ ಹೆಲ್ಮೆಟ್ಟು, ಕೋಟು, ಕೊರಳಲ್ಲಿ ಉಣ್ಣೆಯ ಮಫ್ಲರು. ಬಿಸಿಲೆಂದರೆ ಆ ಬಿಸಿಲು. ಅನ್ಯಗ್ರಹದವರಾಗಿ ಬಂದ ರೇವಣನ ಗೆಳೆಯರ ಮುಖಕ್ಕೆ ಹಸಿರು ಬಣ್ಣ ಹಚ್ಚಿದ್ದರು, ಅದು ಬೆವರಿನ ಜೊತೆ ಇಳಿದು ಅಂಗಿಯೆಲ್ಲ ಹಸಿರಾಗುತ್ತಿತ್ತು. ಯಾರದೋ ಎಮ್ಮೆಗಳು ಗ್ರಹದ ನಡುವೆ ಹಾಯ್ದುಹೋದವು. ನಾನು ಮಾತ್ರ ಎದೆಗುಂದಲಿಲ್ಲ. ಹಿಡಿ ಉಸುಕನ್ನು ಮೇಲೆತ್ತಿ, ಬೆರಳ ಸಂದಿಯಿಂದ ಜಾರಿಸುತ್ತ, "ಅಯ್ಯೋ ಮಾನವಾ, ಇಲ್ಲಿ ಒಂದು ಹನಿ ನೀರಿಲ್ಲ!" ಎಂದು ಎಷ್ಟು ಜೋರಾಗಿ ಕೂಗಿದೆನೆಂದರೆ, ದಂಡೆಯ ಮೇಲೆ ಬಟ್ಟೆ ಒಣಹಾಕುತ್ತಿದ್ದ ಹೆಣ್ಣುಮಗಳೊಬ್ಬಳು ಓಡಿಬಂದು ತನ್ನ ಬಾಟಲಿಯ ನೀರು ಕೊಟ್ಟಳು. ನನ್ನ ಅಭಿನಯಕ್ಕೆ ಅದಕ್ಕಿಂತ ದೊಡ್ಡ ಪ್ರಶಸ್ತಿ ಬೇಡವೆಂದು ಆ ದಿನ ಅನಿಸಿತ್ತು.

ಪೈಲಟ್ ಎಪಿಸೋಡು ಬಂದ ವಾರ ಆಳಂದದ ತುಂಬ ಅದೇ ಮಾತು. ಬಸ್‌ಸ್ಟ್ಯಾಂಡಿನಲ್ಲಿ, ಕಿರಾಣಿ ಅಂಗಡಿಯಲ್ಲಿ, ಕಟಿಂಗ್ ಶಾಪಿನಲ್ಲಿ ಜನ ಒಬ್ಬರಿಗೊಬ್ಬರು "ಮಫ್ಲರ್ ಒಯ್ರಿ" ಎನ್ನತೊಡಗಿದರು. ಅಫಜಲಪುರದ ಬಸ್ಸು ಹತ್ತುವವನಿಗೂ "ಮಫ್ಲರ್ ಒಯ್ರಿ", ತಹಸೀಲ್ ಕಚೇರಿಗೆ ಹೊರಟವನಿಗೂ "ಮಫ್ಲರ್ ಒಯ್ರಿ". ಆ ಮಾತು ಜಗದೇವಿಯದು ಎಂಬುದು ನಿಜ. ಆದರೆ ಆ ಮಫ್ಲರು ಬಿದ್ದದ್ದು ಯಾರ ಕೊರಳಿಗೆ? ಹಾಗೆಂದು ನಾನು ಆ ಕೀರ್ತಿಯಲ್ಲಿ ನನ್ನ ಪಾಲನ್ನು ಹಿಡಿದುಕೊಂಡು ಓಡಾಡಿದೆ. ನಡಿಗೆ ನಿಧಾನವಾಯಿತು. ಗಿರಾಕಿ ಮಾತಾಡಿಸಿದರೆ ಒಂದು ಕ್ಷಣ ಬಿಟ್ಟು ಉತ್ತರ ಕೊಡುವ ಅಭ್ಯಾಸ ಬಂತು. ಒಂದು ದಿನ ರೇವಣ ಬಂದು, "ಕಾಕಾ, ಕೋಟ್ ನನ್ನ ಹತ್ರ ಇರ್ಲಿ. ಸೀರಿಯಲ್‌ನ್ಯಾಗ ಕಂಟಿನ್ಯುಟಿ ಅಂತ ಇರ್ತದ. ಒಂದ್ರಾಗ ಇದ್ದದ್ದು ಮುಂದಿನದ್ರಾಗೂ ಹಂಗಾ ಇರಬೇಕು. ಒಂದು ಗುಂಡಿ ಹೋದ್ರೂ ಮಂದಿ ಹಿಡಿತಾರ" ಎಂದು ಹೇಳಿ ಕೋಟನ್ನು ಒಯ್ದ. ಕಸುಬಿನಲ್ಲಿ ಇಷ್ಟು ಶ್ರದ್ಧೆ ಇರುವ ಮನುಷ್ಯ ಎಂದು ನನಗೆ ಅವನ ಮೇಲೆ ಅಭಿಮಾನ ಉಕ್ಕಿತು. "ನನ್ನ ಸೀನ್ ಯಾವಾಗ?" ಎಂದು ಕೇಳಿದರೆ, "ಹೇಳ್ತೇನಿ ಕಾಕಾ, ಹೇಳ್ತೇನಿ" ಎಂದ. ಆಮೇಲೆ ಜಗದೇವಿ ತನ್ನದೊಂದು ಸೀನ್ ಇದೆಯೆಂದು ತಂಗಿಯ ಜೊತೆ ಜೇವರ್ಗಿಗೆ ಹೋಗಿಬಂದಳು. ವಿಜ್ಞಾನಿ ಗ್ರಹದ ಮೇಲಿರುವಾಗ ಹೆಂಡತಿ ಮನೆಯಲ್ಲಿ ಕೂತು ಕೊರಗುವ ದೃಶ್ಯವಿರಬೇಕು ಎಂದುಕೊಂಡು ನಾನು ಒಂದು ಮಾತೂ ಕೇಳಲಿಲ್ಲ.

ಎರಡನೇ ಎಪಿಸೋಡಿನ ದಿನ ನಾನು ಸುಮ್ಮನಿರಬೇಕಾಗಿತ್ತು. ಸುಮ್ಮನಿರಲಿಲ್ಲ. ಮಾದನಹಿಪ್ಪರಗಾದಿಂದ ನಮ್ಮ ಅತ್ತೆಯನ್ನು ಕರೆಸಿದೆ. ಓಣಿಯವರನ್ನು ಕರೆದೆ. ತಿನ್ನಲು ಅವಲಕ್ಕಿ ಚೂಡಾ ತರಿಸಿದೆ. ಸಂಜೆ ಎಲ್ಲರೂ ನಮ್ಮ ಪಡಸಾಲೆಯಲ್ಲಿ ಟಿವಿಯ ಮುಂದೆ ಕೂತರು. ನಾನು ಎಲ್ಲರಿಗೂ ಕಾಣುವಂತೆ, ಆದರೆ ಕಾಣಲೆಂದೇ ಕೂತಿಲ್ಲ ಎಂಬಂತೆ, ಬಾಗಿಲ ಹತ್ತಿರ ಕುರ್ಚಿ ಹಾಕಿಕೊಂಡೆ. ಪರದೆಯ ಮೇಲೆ ಹೆಸರು ಬಂತು. 'ಗ್ರಹ'. ಅಷ್ಟೇ. 'ನೀರಿಲ್ಲದ' ಎಲ್ಲಿ ಹೋಯಿತು ಎಂದು ನಾನು ಯೋಚಿಸುವಷ್ಟರಲ್ಲಿ ಮನೆಯ ದೃಶ್ಯ ಬಂತು. ನಮ್ಮ ಮನೆಯಲ್ಲ, ತೂಗುಮಂಚವಿರುವ ದೊಡ್ಡ ಮನೆ. ತೂಗುಮಂಚದ ಮೇಲೆ ನನ್ನ ಕೋಟು ಹಾಕಿಕೊಂಡವನೊಬ್ಬ ಬೆನ್ನು ತೋರಿಸಿ ಕೂತಿದ್ದಾನೆ. ಬೆನ್ನು ಬಹಳ ಅಗಲವಾಗಿತ್ತು. ಕೋಟು ಹೊಲಿಗೆಯ ಹತ್ತಿರ ಬಿಗಿದು ನಿಂತಿತ್ತು. ಜಗದೇವಿ ಕಪ್ಪುಬಶಿ ಹಿಡಿದು ಬಂದು, "ಏನ್ರಿ, ಛಾ ತಗೋರಿ" ಎಂದಳು. ಅವನು ತಿರುಗಿದ. ಎತ್ತರದ ಆಳು, ದಪ್ಪ ಮೀಸೆ, ಹಣೆಯ ಮೇಲೆ ಇಳಿದ ಗುಂಗುರು ಕೂದಲು. "ತ್ರಿನೇತ್ರನ ಪತ್ನಿಯಾಗಿ ನೀನು ಧೈರ್ಯಗುಂದಬಾರದು" ಎಂದು ಬಾವಿಯೊಳಗಿಂದ ಬಂದಂಥ ಧ್ವನಿಯಲ್ಲಿ ಹೇಳಿದ. ನನ್ನ ಕೈಯಲ್ಲಿದ್ದ ಚೂಡಾ ಕೈಯಲ್ಲೇ ಉಳಿಯಿತು.

ನಾನು ದಂಗಾಗಿ ಕೂತದ್ದನ್ನು ಯಾರೂ ಗಮನಿಸಲಿಲ್ಲ, ಎಲ್ಲರ ಕಣ್ಣೂ ಟಿವಿಯ ಮೇಲಿತ್ತು. ಏಳು ವರ್ಷಕ್ಕೆಂದು ಹೋದ ಮನುಷ್ಯ ಮನೆಯಲ್ಲಿ ಕೂತು ಹೇಗೆ ಛಾ ಕುಡಿಯುತ್ತಿದ್ದಾನೆ ಎಂದು ಯಾರೂ ಕೇಳಲಿಲ್ಲ. ಅಷ್ಟರಲ್ಲಿ ಕಾಲೇಜಿಗೆ ಹೋಗುವ ವಯಸ್ಸಿನ ಮಗಳೊಬ್ಬಳು ಒಳಗಿಂದ ಬಂದು ಅವನನ್ನು "ಪಪ್ಪಾ" ಎಂದಳು. ಪೈಲಟ್ಟಿನಲ್ಲಿ ನಮಗೆ ಮಕ್ಕಳೇ ಇರಲಿಲ್ಲ! ಆಮೇಲೆ ಗ್ರಹ ಬಂತು. ಈ ನಡುವೆ ಮಳೆಯಾಗಿ ಭೀಮಾ ನದಿಗೆ ನೀರು ಬಂದಿತ್ತಲ್ಲ, ಗ್ರಹದ ತುಂಬ ಕೆಂಪು ನೀರು ದಂಡೆಯಿಂದ ದಂಡೆಗೆ ಹರಿಯುತ್ತಿತ್ತು. ಅನ್ಯಗ್ರಹದವರು ನೀಲಿಯಾಗಿದ್ದರು. ಪೈಲಟ್ಟಿನಲ್ಲಿ ಮೂಕರಾಗಿದ್ದವರು ಈಗ "ಯಾಕ ಬಂದೀರಿ, ಯಾವೂರವ್ರು?" ಎಂದು ಜೇವರ್ಗಿಯ ಕನ್ನಡದಲ್ಲಿ ವಿಚಾರಿಸುತ್ತಿದ್ದರು. ನೌಕೆಯ ಒಳಗಡೆ ದಪ್ಪ ಪೈಪುಗಳು, ಏಣಿಗಳು, ತಿರುಗುವ ಚಕ್ರಗಳು. ಇಷ್ಟೆಲ್ಲ ನೋಡುತ್ತಿದ್ದ ನಮ್ಮ ಅತ್ತೆ ಮೆಚ್ಚುಗೆಯಿಂದ ತಲೆಯಾಡಿಸಿ, "ಅಳಿಯಂದ್ರು ಟಿವ್ಯಾಗ ಭಾಳ ಎತ್ತರ ಕಾಣಾಕತ್ತಾರ. ಹಿಂಗಾ ಮೀಸಿ ಬಿಡ್ರಿ, ಚಂದ ಕಾಣ್ತೀರಿ" ಎಂದರು. ಅವರ ಕಣ್ಣಿನ ಆಪರೇಷನ್ ಆದ ಮೇಲೆ ಕನ್ನಡಕ ಮಾಡಿಕೊಟ್ಟವನು ನಾನೇ. ಆ ಹೊತ್ತಿನಲ್ಲಿ ನನಗೆ ನನ್ನ ಮುಖದ ಮೇಲಷ್ಟೇ ಅಲ್ಲ, ಕಸುಬಿನ ಮೇಲೂ ನಂಬಿಕೆ ಹೋಯಿತು.

ಬಂದವರೆಲ್ಲ ಹೋದ ಮೇಲೆ ಜಗದೇವಿಯನ್ನು ಅಡುಗೆಮನೆಯಲ್ಲಿ ಹಿಡಿದೆ. "ಅಂವ ಯಾರು?"

"ಯಾರು? ಸೂರ್ಯಕಾಂತ. ಜೇವರ್ಗಿಯಾಗ ತೊಗರಿ ಬ್ಯಾಳಿ ಮಿಲ್ ಅದ ಅವರದು. ನಿಮಗ ಗೊತ್ತಿಲ್ಲೇನು? ರೇವಣ ಹೇಳ್ಯಾನಂತ ನಾ ತಿಳದೆ."

"ಗಂಡನ್ನ ಬದಲಿ ಮಾಡಿದ್ದು ಹೊರಗಿನಾಂವ ಬಂದು ಹೇಳಬೇಕೇನು?"

"ಹೌದವ್ವಾ, ಭಾರಿ ಬದಲಿ ಮಾಡಿದೆ. ಶಾಟ್ ಮುಗಿದ ಕೂಡ್ಲೆ ಅಂವ 'ಅಕ್ಕಾರ, ಜರಾ ನೀರ ಕೊಡ್ರಿ' ಅಂತಾನ. ನಾ 'ತಗೋ ತಮ್ಮಾ' ಅಂತೇನಿ. ಹಣ್ಣ ನೋಡಿ ಗಿಡ ಬದಲಾತು ಅಂತ ಅತ್ರ ಹೆಂಗ್ರಿ? ನನ್ನ ನೋಡಾಕ ಬಂದಾಗ ನಿಮ್ಮ ತಲಿ ಮ್ಯಾಲ ಎಷ್ಟು ಕೂದಲಾ ಇದ್ವು! ಅವು ಎಲ್ಲಿ ಹೋದ್ವಂತ ನಾ ಯಾವಾಗರೆ ಕೇಳೇನೇನು?"

ಈ ಹಣ್ಣು ಗಿಡದ ಮಾತು ನನಗೆ ಇವತ್ತಿಗೂ ಅರ್ಥವಾಗಿಲ್ಲ, ಅದನ್ನು ಆಕೆ ಆ ಹೊತ್ತಿಗೆ ಹುಟ್ಟಿಸಿದ್ದಿರಬೇಕು. ಕೂದಲಿನ ಮಾತು ಮಾತ್ರ ಸರಿಯಾಗಿ ಅರ್ಥವಾಯಿತು. ತಲೆ ಸವರಿಕೊಳ್ಳುತ್ತ ಹೊರಗೆ ಬಂದೆ. ಮರುದಿನ ಅಂಗಡಿಯ ಬಾಗಿಲು ತೆಗೆಯುವ ಮೊದಲೇ ಸ್ಟುಡಿಯೋಕ್ಕೆ ನುಗ್ಗಿದೆ. ರೇವಣ ನನ್ನನ್ನು ನೋಡಿ ಕ್ಯಾಮೆರಾದ ಲೆನ್ಸನ್ನು ಜೋರಾಗಿ ಒರೆಸತೊಡಗಿದ. "ಕಾಕೂ ಹೇಳಿರ್ತಾರಂತ ತಿಳಿದೆ ಕಾಕಾ" ಎಂದ. ಆಮೇಲೆ ಒಂದೊಂದಾಗಿ ಹೊರಬಂತು. ನೌಕೆಯ ಒಳಭಾಗಕ್ಕೆ ಜಾಗ ಬೇಕಾಗಿತ್ತು. ಸೂರ್ಯಕಾಂತ ತನ್ನ ಬೇಳೆ ಮಿಲ್ಲನ್ನು ಬಿಟ್ಟುಕೊಟ್ಟ, ಆದರೆ ತನಗೂ ಒಂದು ಪಾರ್ಟು ಬೇಕೆಂದ. ಸಣ್ಣದೊಂದು ಪಾರ್ಟು ಕೊಡೋಣವೆಂದರೆ, ಅವನ ಎತ್ತರಕ್ಕೆ ಹಿಂದೆ ನಿಲ್ಲಿಸಿದರೂ ಅವನೇ ಕಾಣುತ್ತಿದ್ದ. ಹಾಗಾಗಿ ಮುಂದೆ ನಿಲ್ಲಿಸಿದರಂತೆ.

"ಮತ್ತ ಕಂಟಿನ್ಯುಟಿ, ಕಂಟಿನ್ಯುಟಿ ಅಂತ ಹೇಳಿ ಕೋಟ್ ಒಯ್ದೆಲ್ಲಲೇ?"

"ಅದಕ್ಕಾ ಕಾಕಾ. ನೋಡ್ರಿ, ಕೋಟ್ ಅದಾ ಅದ. ಒಂದು ಗುಂಡಿ ಹೋಗಿಲ್ಲ."

"ಕೋಟಿನೊಳಗಿದ್ದ ಮನುಷ್ಯಾ ಹೋದನಲ್ಲೋ!"

ರೇವಣ ನನ್ನ ಹೆಗಲ ಮೇಲೆ ಕೈಯಿಟ್ಟು, ರೋಗಿಗೆ ಸಮಾಧಾನ ಹೇಳುವವರ ಹಾಗೆ ಹೇಳಿದ: "ಪೈಲಟ್ ಅಂದ್ರ ಹಂಗಾ ಕಾಕಾ. ಹೆಂಗ ಬರ್ತದ ಅಂತ ಸುಮ್ಕ ಮಾಡಿ ನೋಡೋದು. ಅದು ಲೆಕ್ಕಕ್ಕ ಇರಂಗಿಲ್ಲ. ದೊಡ್ಡ ದೊಡ್ಡ ಸೀರಿಯಲ್‌ನ್ಯಾಗೂ ಪೈಲಟ್ ಆದ ಮ್ಯಾಲ ಎಲ್ಲಾ ಬದಲಿ ಮಾಡ್ತಾರ."

"ಹಂಗಾದ್ರ ಜಗದೇವಿ?"

"ಕಾಕೂ ಲೆಕ್ಕಕ್ಕ ಅದಾರ. ಅವರನ್ನ ತಗದ್ರ ಮಂದಿ ನನ್ನ ಸುಮ್ಮ ಬಿಡ್ತಾರೇನು?"

ಬಿಸಿಲಿನಲ್ಲಿ ಹೆಲ್ಮೆಟ್ಟು ಹಾಕಿಕೊಂಡು, ಕೊರಳಿಗೆ ಉಣ್ಣೆ ಸುತ್ತಿಕೊಂಡು, ಉಸುಕಿನಲ್ಲಿ ಮೊಣಕಾಲೂರಿ ಕೂಗಿದ್ದು ಲೆಕ್ಕಕ್ಕಿಲ್ಲ. ಇದನ್ನು ಅರಗಿಸಿಕೊಳ್ಳಲು ನನಗೆ ಹೊತ್ತು ಬೇಕಾಯಿತು. ಹೋಗಲಿ, ವಿಜ್ಞಾನಿ ಸತ್ತನೆಂದು ಒಂದು ಮಾತು ಹೇಳು, ಗ್ರಹದ ಗಾಳಿಗೆ ಮುಖ ಬದಲಾಯಿತೆಂದಾದರೂ ಹೇಳು, ನೋಡುವವರಿಗೆ ಒಂದು ಕಾರಣ ಬೇಡವೇ ಎಂದು ಬೇಡಿಕೊಂಡೆ. ಆಗ ರೇವಣ ಆ ವಾರದ ಅತಿ ಕೆಟ್ಟ ಸುದ್ದಿಯನ್ನು ಹೇಳಿದ. "ಯಾರೂ ಕೇಳಿಲ್ಲ ಕಾಕಾ." ನಾನು ನಂಬಲಿಲ್ಲ. ಅವನ ಮೊಬೈಲನ್ನು ಕಸಿದುಕೊಂಡು, ಎಪಿಸೋಡಿನ ಕೆಳಗೆ ಜನ ಬರೆದದ್ದನ್ನೆಲ್ಲ ಮೇಲಿಂದ ಕೆಳಗೆ ಓದಿದೆ. ಗ್ರಹಕ್ಕೆ ನೀರು ಎಲ್ಲಿಂದ ಬಂತು ಎಂದು ಕೇಳಿದ್ದರು. ಹಸಿರು ಮಂದಿ ನೀಲಿ ಯಾಕಾದರು ಎಂದು ಕೇಳಿದ್ದರು. ಕಂದು ಮಫ್ಲರು ಕೆಂಪಾಯಿತಲ್ಲ ಎಂದು ಒಬ್ಬ ಸಿಟ್ಟಿನಿಂದ ಬರೆದಿದ್ದ. ಇನ್ನೊಬ್ಬ ಪುಣ್ಯಾತ್ಮ, ಮೊದಲನೇ ಎಪಿಸೋಡಿನಲ್ಲಿ ಮನೆಯ ಬಾಗಿಲು ಹಸಿರು ಬಣ್ಣದ್ದಿತ್ತು, ಈಗ ಬೇರೆ ಇದೆ, ಇಂಥ ತಪ್ಪು ಮಾಡಬಾರದು ಎಂದಿದ್ದ. ಅದು ನನ್ನ ಮನೆಯ ಬಾಗಿಲು! ಬಾಗಿಲು ನೆನಪಿದೆ, ಬಾಗಿಲಲ್ಲಿ ನಿಂತವನು ನೆನಪಿಲ್ಲ. ಅನ್ಯಗ್ರಹದ ನಡುವೆ ಹಾಯ್ದುಹೋದ ಎಮ್ಮೆಗಳು ಮತ್ತೆ ಯಾವಾಗ ಬರುತ್ತವೆ ಎಂದೂ ಒಬ್ಬ ಕೇಳಿದ್ದ. ಡಾಕ್ಟರ್ ತ್ರಿನೇತ್ರನ ಮುಖ ಬದಲಾದದ್ದರ ಬಗ್ಗೆ ಒಬ್ಬರೂ ಒಂದಕ್ಷರ ಬರೆದಿರಲಿಲ್ಲ.

ಆ ವಾರ ಅಂಗಡಿಗೆ ಬಂದವರಿಗೆಲ್ಲ ನಾನು ಕಣ್ಣಿನ ಪರೀಕ್ಷೆಯ ನೆಪದಲ್ಲಿ ಎರಡು ಫೋಟೋ ತೋರಿಸಿದೆ. ಒಂದು ಪೈಲಟ್ಟಿನದು, ಒಂದು ಎರಡನೇ ಎಪಿಸೋಡಿನದು. "ಏನರೆ ಫರಕ್ ಕಾಣ್ತದೇನ್ರಿ?" ಎಂದು ಕೇಳಿದೆ. ಜನ ಕಣ್ಣು ಕಿರಿದು ಮಾಡಿ ನೋಡಿದರು. "ಹೊರಗ ನಿಂತಾಗ ತೆಗೆದದ್ದು ಒಂದು, ಒಳಗ ಕುಂತಾಗ ತೆಗೆದದ್ದು ಒಂದು" ಎಂದ ಒಬ್ಬ. "ಇದ್ರಾಗ ಜರಾ ಆರಾಮಿಲ್ಲದಂಗ ಕಾಣ್ತಾರ" ಎಂದು ಇನ್ನೊಬ್ಬ ನನ್ನ ಫೋಟೋದ ಮೇಲೆ ಬೆರಳಿಟ್ಟ. ನನ್ನ ಎದುರಿಗೇ ಕೂತು, ನನ್ನ ಮುಖವನ್ನೇ ನೋಡುತ್ತ ಹೇಳಿದ ಮಾತುಗಳಿವು. ಇನ್ನು ಮುಂದೆ ಆ ಸೀರಿಯಲ್ಲಿನ ಕಡೆ ತಲೆ ಹಾಕಿಯೂ ಮಲಗುವುದಿಲ್ಲ ಎಂದು ಜಗದೇವಿಗೆ ಖಡಾಖಂಡಿತವಾಗಿ ಹೇಳಿದೆ. ಹೇಳಿದ ಮೇಲೆ ಮೂರನೆಯದನ್ನು ಅಂಗಡಿಯ ಕೌಂಟರಿನ ಕೆಳಗೆ ಮೊಬೈಲು ಹಿಡಿದು ನೋಡಿದೆ. ಸೂರ್ಯಕಾಂತ ಅದರಲ್ಲಿ ರಾಜನ ಹಾಗೆ ನಡೆದಾಡಿದ, ದೊಡ್ಡ ದೊಡ್ಡ ಮಾತಾಡಿದ. ಜಗದೇವಿ ಮಾತ್ರ ಯಾಕೋ ಸಪ್ಪಗಿದ್ದಳು. ಹೇಳಿಕೊಟ್ಟ ಮಾತನ್ನು ಒಪ್ಪಿಸಿ ಒಳಗೆ ಹೋದಳು. ನನಗೆ ಒಂಥರಾ ಸಮಾಧಾನವಾಯಿತು ಎಂದು ಹೇಳಿದರೆ ನೀವು ನನ್ನನ್ನು ಸಣ್ಣವನೆಂದು ತಿಳಿಯುತ್ತೀರಿ, ಆದರೆ ಆದದ್ದು ಹಾಗೆಯೇ.

ನಾಲ್ಕನೆಯದನ್ನೂ ಹಾಗೆಯೇ ಕದ್ದು ನೋಡಿದೆ. ಅದೇ ತೂಗುಮಂಚ, ಅದೇ ಸೂರ್ಯಕಾಂತ. ಜಗದೇವಿ ಛಾ ತಂದಳು. ಅವನು ಕಪ್ಪನ್ನು ಬಾಯಿಗಿಡಲಿಲ್ಲ. ಬಶಿಗೆ ಸುರಿದ. ಎರಡೂ ಕೈಯಲ್ಲಿ ಬಶಿ ಹಿಡಿದು, ಉಫ್ ಎಂದು ಊದಿ, ಸುರ್ ಎಂದು ಎಳೆದ. ಕುಡಿದಾದ ಮೇಲೆ ಖಾಲಿ ಬಶಿಯ ತಳವನ್ನು ಒಮ್ಮೆ ಪರೀಕ್ಷಿಸಿ ನೋಡಿದ. ಹೆಂಡತಿ ಏನೋ ಕೇಳಿದರೆ ಎರಡು ಸಲ ಗಂಟಲು ಸರಿಮಾಡಿಕೊಂಡು, ಛಾವಣಿಯ ಕಡೆ ನೋಡಿ, ಆಮೇಲೆ "ಹೂಂ" ಎಂದ. ಕನ್ನಡಕ ಎಲ್ಲಿ, ಕನ್ನಡಕ ಎಲ್ಲಿ ಎಂದು ಮನೆಯೆಲ್ಲ ಹುಡುಕಿ, ತಲೆಯ ಮೇಲಿದ್ದದ್ದನ್ನು ಇಳಿಸಿಕೊಂಡು, ಅದನ್ನು ಅಲ್ಲಿಟ್ಟವರು ಯಾರೆಂದು ಹೆಂಡತಿಯನ್ನೇ ಗದರಿಸಿದ. ಜಗದೇವಿ ನಕ್ಕಳು. ಕ್ಯಾಮೆರಾಕ್ಕಾಗಿ ನಕ್ಕ ನಗುವಲ್ಲ, ನಮ್ಮ ಮನೆಯಲ್ಲಿ ನಗುವ ನಗು. ಕೌಂಟರಿನ ಕೆಳಗೆ ನಾನು ಬೆವರುತ್ತ ಕೂತೆ. ಮೀಸೆಯೊಂದನ್ನು ಬಿಟ್ಟರೆ ಅಲ್ಲಿ ಕೂತವನು ನಾನು. ಕೆಳಗೆ ಜನ ಬರೆದದ್ದನ್ನು ನೋಡಬಾರದೆಂದುಕೊಂಡು ನೋಡಿದೆ. ನಗೆಯ ಗುರುತುಗಳ ಸಾಲೇ ಸಾಲು. 'ಡಾಕ್ಟರ್ ಕಾಮಿಡಿ ಸೂಪರ್' ಎಂದಿದ್ದರು. ನಾನು ಗಾಂಭೀರ್ಯ ಎಂದುಕೊಂಡು ಇಷ್ಟು ವರ್ಷ ಮಾಡಿಕೊಂಡು ಬಂದದ್ದೆಲ್ಲ ಕಾಮಿಡಿಯಂತೆ.

ಮನೆಗೆ ಹೋಗಿ, ನೋಡುವುದಿಲ್ಲ ಎಂದ ಮಾತನ್ನೂ ಮರೆತು, "ನಾ ಖರೇನ ಹಂಗ ಛಾ ಕುಡಿತೇನೇನು?" ಎಂದು ಕೇಳಿದೆ.

ಜಗದೇವಿ ಸ್ವಲ್ಪ ಯೋಚಿಸಿ, "ಇಲ್ಲ. ನೀವು ಇನ್ನಾ ಜೋರು ಸಪ್ಪಳಾ ಮಾಡ್ತೀರಿ. ಆ ತಮ್ಮಗ ಅದು ಇನ್ನಾ ಬರವಲ್ದು" ಎಂದಳು.

"ಯಾಕ ಕಲಿಸಿದಿ? ನನ್ನ ಮಂದಿ ಮುಂದ ನಗಿಗೀಡು ಮಾಡಾಕೇನು?"

ಆಕೆ ಮೊರದಲ್ಲಿದ್ದ ಬೇಳೆಯನ್ನು ಬದಿಗೆ ಸರಿಸಿದಳು. "ಹಂಗಲ್ರಿ. ಮೂರನೇದ್ರಾಗ ನೋಡೀರಿಲ್ಲ, ಅಂವ ಕಲೆಕ್ಟರ್ ಸಾಹೇಬ್ರಂಗ ಕುಂತಿದ್ದ. ಅಂಥವರ ಮುಂದ ನಿಂತು ನಾ ಏನ ಮಾತಾಡ್ಲಿ? ಬಾಯಾಗ ಮಾತಾ ಹೊಂಡಲಿಲ್ಲ. ರೇವಣ 'ಕಾಕೂ, ಯಾಕ ಮಫ್ಲರಿನಂಥ ಮಾತು ಬರವಲ್ದು' ಅಂತ ಕೇಳಿದ. ನಾ ಅಂದೆ, ಮಫ್ಲರ್ ಒಯ್ರಿ ಅನ್ನಬೇಕಂದ್ರ ಮುಂದ ಮರ್ತು ಹೋಗಾಂವ ಇರಬೇಕಪಾ. ಅದಕ್ಕ ಅಂವಗ ಹಂಗ ಕುಡಿ, ಹಿಂಗ ನೋಡು ಅಂತ ಹೇಳಿಕೊಟ್ಟೆ. ಆಮ್ಯಾಲ ನನಗ ಮಾತು ತಾನಾ ಬಂತು." ಇಷ್ಟು ಹೇಳಿ ಮತ್ತೆ ಬೇಳೆ ಕೇರತೊಡಗಿದಳು. ನನಗೆ ಸಿಟ್ಟು ಮಾಡಿಕೊಳ್ಳಬೇಕೋ ಬೇಡವೋ ತಿಳಿಯಲಿಲ್ಲ. ಎರಡು ಸಲ ಗಂಟಲು ಸರಿಮಾಡಿಕೊಂಡೆ. ಆಕೆ ಮೊರದಿಂದ ತಲೆಯೆತ್ತಿ ನೋಡಿದಳು. ಛಾವಣಿಯ ಕಡೆಗೆ ಹೊರಟಿದ್ದ ಕಣ್ಣನ್ನು ಅರ್ಧದಲ್ಲೇ ಹಿಡಿದು ನಿಲ್ಲಿಸಿಕೊಂಡೆ.

ಅದಾದ ಕೆಲವು ದಿನಗಳಿಗೆ ಸೂರ್ಯಕಾಂತ ಖುದ್ದಾಗಿ ನನ್ನ ಅಂಗಡಿಗೆ ಬಂದ. ಜೇವರ್ಗಿಯಿಂದ ಇದಕ್ಕೆಂದೇ ಬಂದಿದ್ದನಂತೆ. ಬಾಗಿಲಲ್ಲಿ ತಲೆ ತಗ್ಗಿಸಿ ಒಳಗೆ ಬಂದು, ಎರಡೂ ಕೈ ಜೋಡಿಸಿ, "ಸರ, ನಾ ಸೂರ್ಯಕಾಂತ್ರಿ. ಸಿಟ್ಟಾಗಬ್ಯಾಡ್ರಿ" ಎಂದ. ಜಗಳಕ್ಕೆ ಸಿದ್ಧವಾಗಿದ್ದ ನನಗೆ ಜಗಳವಾಡಲು ಜಾಗವೇ ಸಿಗದಷ್ಟು ಮೆತ್ತಗಿನ ಮನುಷ್ಯ. ಸ್ಟೂಲಿನ ಮೇಲೆ ಮೊಣಕಾಲು ಕೂಡಿಸಿಕೊಂಡು ಕೂತು, ತನ್ನ ಸಂಕಟ ಹೇಳಿಕೊಂಡ. ಇಷ್ಟು ದಿನ ತೂಗುಮಂಚದ ಮೇಲೆ ಛಾ ಕುಡಿಯುತ್ತಿದ್ದ ವಿಜ್ಞಾನಿ ಮುಂದಿನ ಎಪಿಸೋಡಿನಲ್ಲಿ ಗ್ರಹದಿಂದ ಮನೆಗೆ ಮರಳುತ್ತಾನಂತೆ, ದೊಡ್ಡ ದೃಶ್ಯ. ಜಗದೇವಿ ಎಷ್ಟು ಹೇಳಿಕೊಟ್ಟರೂ ಅವನಿಗೆ ಆ ನಡಿಗೆ, ಆ ಕೂರುವ ರೀತಿ ಬರುತ್ತಿಲ್ಲ. "ಬರೇ ಬಾಯಿಲೆ ಹೇಳಿದ್ರ ತಿಳಿಯಂಗಿಲ್ಲ ತಮ್ಮಾ, ಒಂದಿನ ಹೋಗಿ ಅವರನ್ನ ನೋಡಿ ಬಾ ಅಂದಾರ್ರಿ ಅಕ್ಕಾರು. ನೀವೇನೂ ಮಾಡೂದು ಬ್ಯಾಡ್ರಿ ಸರ. ದಿನಾ ಹೆಂಗ ಇರ್ತೀರಿ ಹಂಗಾ ಇರ್ರಿ. ನಾ ಮೂಲ್ಯಾಗ ಕುಂತು ನೋಡ್ತೇನಿ" ಎಂದ.

ಜೀವಮಾನದಲ್ಲಿ ಮೊದಲ ಸಲ ಒಬ್ಬ ಮನುಷ್ಯ ನನ್ನನ್ನೇ ನೋಡಲೆಂದು, ನನ್ನ ಕನ್ನಡಿಯ ಕಡೆ ಕಣ್ಣೂ ಹಾಯಿಸದೆ, ನನ್ನ ಅಂಗಡಿಯಲ್ಲಿ ಕೂತಿದ್ದ. ಸಂತೋಷವಾಗಬೇಕಾಗಿತ್ತು. ಆದರೆ ಅವನು ಕಣ್ಣು ಮಿಟುಕಿಸದೆ ನೋಡತೊಡಗಿದ ಕೂಡಲೇ ನನ್ನ ಬೆನ್ನು ತಾನಾಗಿ ನೆಟ್ಟಗಾಯಿತು. ಗಿರಾಕಿ ಬಂದಾಗ ನಾನು ಎದ್ದು ನಿಂತೆ. ಹಾಗೆ ನಾನು ಯಾರಿಗೂ ಎದ್ದು ನಿಂತವನಲ್ಲ. "ದಯವಿಟ್ಟು ಆಸೀನರಾಗಿ" ಎಂದು ಬಾಯಿಂದ ಬಂತು. ಮಟಕಿಯಿಂದ ಬಂದಿದ್ದ ಆ ಮುದುಕ ಬೆದರಿ ಹೆಂಡತಿಯ ಮುಖ ನೋಡಿದ. ಛಾ ಬಂದಾಗ ಬಶಿಯನ್ನು ದೂರ ಸರಿಸಿ, ಕಪ್ಪಿನ ಕಿವಿಯನ್ನು ಎರಡೇ ಬೆರಳಲ್ಲಿ ಹಿಡಿದು, ಸದ್ದಿಲ್ಲದೆ ಗುಟುಕರಿಸಿದೆ. ನಾಲಗೆ ಸುಟ್ಟಿತು, ಮುಖದಲ್ಲಿ ತೋರಿಸಿಕೊಳ್ಳಲಿಲ್ಲ. ಗಂಟಲು ಕೆರೆಯುತ್ತಿತ್ತು, ತಡೆದುಕೊಂಡೆ. ಧ್ವನಿಯನ್ನು ಆದಷ್ಟು ಕೆಳಗಿಳಿಸಿ, ಬಾವಿಯೊಳಗಿಂದ ಬಂದ ಹಾಗೆ ಮಾತಾಡಿದೆ. ಒಂದೆರಡು ಸಲ ಮೂಗಿನ ಕೆಳಗೆ, ಮೀಸೆ ಇದ್ದಿದ್ದರೆ ಇರಬಹುದಾಗಿದ್ದ ಜಾಗದಲ್ಲಿ, ಬೆರಳಾಡಿಸಿದೆನೆಂದೂ ನೆನಪು. ಇಷ್ಟು ಚೆನ್ನಾಗಿ ನಾನು ಎಂದೂ ಇರಲಿಲ್ಲ.

ಬಹಳ ಹೊತ್ತು ನೋಡಿದ ಸೂರ್ಯಕಾಂತನ ಮುಖ ಬರಬರುತ್ತ ಸಪ್ಪಗಾಯಿತು. ಕೊನೆಗೆ ಎದ್ದುನಿಂತ. ಹೇಳಲೋ ಬೇಡವೋ ಎಂದು ಒದ್ದಾಡಿ, ಬಾಗಿಲ ತನಕ ಹೋದವನು ತಿರುಗಿ ಬಂದ.

"ಸರ, ತಪ್ಪ ತಿಳಕೋಬ್ಯಾಡ್ರಿ. ಅಕ್ಕಾರು ಹೇಳಿದ ಮನುಷ್ಯಾರು ನೀವಲ್ಲ ಅನಸ್ತದ್ರಿ. ಅವರು ಯಾವಾಗ ಸಿಗ್ತಾರ್ರಿ?"

ನಾನು ಕಪ್ಪನ್ನು ಸದ್ದಿಲ್ಲದೆ ಕೆಳಗಿಟ್ಟು, ಅದೇ ಬಾವಿಯ ಧ್ವನಿಯಲ್ಲಿ ಹೇಳಿದೆ: "ನಾಳಿ ಬರ್ರಿ. ನಾಳಿ ಇರ್ತಾರ."